ಛಪ್ಪನ್ ಅಂದರೆ ಅರವತ್ತೈದು

ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನಲ್ಲಿ ಕಾಯಿಪಲ್ಯ ಕೊಳ್ಳುತ್ತಿದ್ದೆ. ಚಾಚಾ ಪುಂಡಿಪಲ್ಯ, ಬದನೆಕಾಯಿ ಚೀಲಕ್ಕೆ ಸುರಿದು ‘ಛಪ್ಪನ್’ ಅಂದರು. ನಾನು 65 ಕೊಟ್ಟೆ. ಅವರು ನನ್ನ ಮುಖ ನೋಡಿ, ಏನೂ ಅನ್ನದೆ 9 ರೂಪಾಯಿ ವಾಪಸ್ ಕೊಟ್ಟರು.

ಹುಟ್ಟಿ ಬೆಳೆದ ಊರಲ್ಲೇ ಈ ಗತಿ. ಛಪ್ಪನ್ ಅಂದರೆ ಐವತ್ತಾರು. ಕನ್ನಡದಲ್ಲಿ ಐವತ್ತು ಮೊದಲು, ಆರು ಆಮೇಲೆ. ಉರ್ದುವಿನಲ್ಲಿ ಆರು ಮುಂದೆ ಓಡುತ್ತದೆ. ಆ ವಾರವಿಡೀ ಇದೇ ಜಗಳ ನನ್ನ ಲ್ಯಾಪ್‌ಟಾಪ್ ಒಳಗೂ ನಡೆದಿತ್ತು.

ಮೊಟೊರೋಲಾ 68000 ಚಿಪ್‌ನ ಹಳೇ ಆಟಗಳನ್ನು ಆಡಲು ಒಂದು ಎಮ್ಯುಲೇಟರ್, ಅಂದರೆ ಆ ಚಿಪ್‌ನಂತೆ ನಟಿಸುವ ಪ್ರೋಗ್ರಾಂ, ಬರೆಯುತ್ತಿದ್ದೆ. ಆ ಚಿಪ್ ಸಂಖ್ಯೆಯನ್ನು ಬೈಟ್ ಅನ್ನುವ ತುಂಡುಗಳಾಗಿಸಿ, ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುತ್ತದೆ, ಕನ್ನಡದ ಹಾಗೆ. ಅದು ಬಿಗ್ ಎಂಡಿಯನ್. ನನ್ನ ಇಂಟೆಲ್ ಲ್ಯಾಪ್‌ಟಾಪ್ ಚಾಚಾನ ಪಕ್ಷ, ಲಿಟಲ್ ಎಂಡಿಯನ್. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಕತೆಯ ಜನರ ಹೆಸರನ್ನು 1980ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೊಹೆನ್ ಇವಕ್ಕೆ ಇಟ್ಟರು. ಸರಿಯಾಗೇ ಇಟ್ಟರು.

ಆಟದಲ್ಲಿ ಕಷ್ಟಪಟ್ಟು ಒಂದೇ ಒಂದು ಪಾಯಿಂಟ್ ಗಳಿಸಿದೆ. ಪರದೆ ಮೇಲೆ 1,67,77,216 ಬಂತು! ನಾಲ್ಕು ಬೈಟುಗಳ ಕೊನೆಯಲ್ಲಿದ್ದ ಒಂದನ್ನು ಇಂಟೆಲ್ ತಲೆಯ ಮೇಲೆ ಕೂರಿಸಿತ್ತು. ಹಿಂದೆ ನಿಂತಿದ್ದ ಅವ್ವ, ‘ಇಷ್ಟೆಲ್ಲಾ ಗೆದ್ದಿ, ಕರೆಂಟ್ ಬಿಲ್ಲರೆ ತುಂಬು’ ಅಂದಳು.

ಆಟದ ಫೈಲನ್ನೇ ನಾಲ್ಕು ನಾಲ್ಕು ಬೈಟ್ ಹಿಡಿದು ತಿರುಗಿಸಿಬಿಟ್ಟೆ. ಸ್ಕೋರ್ ಸರಿಯಾಯಿತು. ಆದರೆ ‘ಗೇಮ್’ ಅನ್ನುವ ಇಂಗ್ಲಿಷ್ ಪದ ‘ಎಮಾಗ್’ ಆಯಿತು. ಅಕ್ಷರಗಳು ಒಂದೊಂದು ಬೈಟ್, ಅವನ್ನು ಮುಟ್ಟಲೇಬಾರದಿತ್ತು. ಸರಿ ಅಂತ ಅದನ್ನು ತೆಗೆದು, ಮರುದಿನ ಮೆಮೊರಿ ಓದುವ ಕೋಡ್ ತುಣುಕಿನಲ್ಲಿ, ಅಂದರೆ ಫಂಕ್ಷನ್‌ನಲ್ಲಿ ತಿರುಗಿಸಿದೆ. ಮತ್ತೆ ಒಂದು ಕೋಟಿ ಅರವತ್ತೇಳು ಲಕ್ಷ! ರಾತ್ರಿ ಎರಡಕ್ಕೆ ಗೊತ್ತಾಯಿತು: ಹಿಂದಿನ ದಿನ ಫೈಲನ್ನು ಮೊದಲಿನಂತೆ ಮಾಡಿದ ಮೇಲೆ ನಿದ್ದೆಗಣ್ಣಲ್ಲಿ, ಸ್ಕೋರ್ ತೋರಿಸುವ ಫಂಕ್ಷನ್‌ನಲ್ಲೂ ಒಮ್ಮೆ ತಿರುಗಿಸಿದ್ದೆ. ಇಬ್ಬರೂ ಉಪಕಾರ ಮಾಡಲು ಹೋಗಿ ಕೆಡಿಸಿದ್ದರು. ಕೊನೆಗೆ ಎರಡನ್ನೂ ಕಿತ್ತುಹಾಕಿ, ಓದುವ ಕಡೆ ಮಾತ್ರ ಒಂದೊಂದೇ ಬೈಟ್ ತೆಗೆದು, ಎಡಕ್ಕೆ ಸರಿಸಿ ಜೋಡಿಸಿದೆ. ಹಾಗೆ ಬರೆದರೆ ಲ್ಯಾಪ್‌ಟಾಪ್ ಯಾವ ಪಕ್ಷದ್ದಾದರೂ ನಡೆಯುತ್ತದೆ.

ಮುಂದಿನ ವಾರ ಮತ್ತೆ ಬಜಾರಿಗೆ ಹೋದೆ. ಚಾಚಾ ಏನಂದರೂ ತಿರುಗಿಸಿ ಕೊಡಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಅವರಿಗೆ ನನ್ನ ನೆನಪಿತ್ತು. ಪಾಪ, ನನಗೋಸ್ಕರ ಕನ್ನಡದಲ್ಲೇ ‘ಐವತ್ಮೂರು’ ಅಂದರು.

ನಾನು 35 ಕೊಟ್ಟೆ.

ಚಾಚಾ ಕ್ಯೂಆರ್ ಕೋಡಿನ ಫಲಕ ನನ್ನ ಕಡೆ ತಿರುಗಿಸಿದರು. ಸ್ಕ್ಯಾನ್ ಮಾಡಿದೆ. ‘ಫೋನ್ ಇಲ್ಲಿ ತರ್ರಿ ಸರ,’ ಅಂದರು, ‘ರೊಕ್ಕ ಎಷ್ಟಂತ ನಾನೇ ಹೊಡಿತೀನಿ.’