ಊರು ಬಿಡೋದು ಖಚಿತವಾದ ಮೇಲೂ ತಂಡ ಹಳೇ ಮೈದಾನದಲ್ಲೇ ಆಡಬೇಕಾ?

ರೈಡರ್ಸ್ ತಂಡ ಓಕ್ಲೆಂಡ್ ಬಿಟ್ಟು ಲಾಸ್ ವೇಗಸ್‌ಗೆ ಹೋಗಲು ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳ ಮಾಲೀಕರು 2017ರ ಮಾರ್ಚ್‌ನಲ್ಲಿ 31-1 ಮತದಿಂದ ಒಪ್ಪಿಗೆ ಕೊಟ್ಟರು. ಆದರೆ ಹೊಸ ಊರಲ್ಲಿ ಸ್ಟೇಡಿಯಂ ಇನ್ನೂ ಕಟ್ಟಬೇಕಿತ್ತು. ಹಾಗಾಗಿ ತಂಡ ಇನ್ನೂ ಮೂರು ಸೀಸನ್ ಓಕ್ಲೆಂಡ್‌ನಲ್ಲೇ ಉಳಿಯಿತು. 2019ರದ್ದು ಕೊನೆಯದು. ಅಮೆರಿಕನ್ ಫುಟ್‌ಬಾಲ್ ನೋಡುವವರ ಮಧ್ಯೆ ಈ ಜಗಳ ಇನ್ನೂ ಮುಗಿದಿಲ್ಲ. ಹೊರಟು ನಿಂತ ತಂಡಕ್ಕೆ ಹಳೇ ಊರಲ್ಲಿ ಕೊನೆಯ ಸೀಸನ್ ಇರಬೇಕಾ, ಬೇಡವಾ?

ಪರ: ಬೇಕು, ಕೋಪ ಇದ್ದರೂ ಬೇಕು

ಅದು ಸಿಗದ ಊರನ್ನು ಮೊದಲು ನೋಡಿ. 1984ರ ಮಾರ್ಚ್ ಕೊನೆಯಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದವರು ರಾತ್ರೋರಾತ್ರಿ ಸಾಮಾನೆಲ್ಲ ಲಾರಿಗಳಿಗೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋದರು. ಹಿಂದಿನ ಡಿಸೆಂಬರ್‌ನಲ್ಲಿ ಮೈದಾನಕ್ಕೆ ಬಂದಿದ್ದ ಯಾರಿಗೂ ಇದೇ ಕೊನೆಯ ಪಂದ್ಯ ಅಂತ ಖಚಿತವಾಗಿ ಗೊತ್ತಿರಲಿಲ್ಲ. ಅಪ್ಪನನ್ನೋ ಮಗಳನ್ನೋ ಇನ್ನೊಂದು ಸಲ ಕರೆದುಕೊಂಡು ಹೋಗೋಣ ಅಂದುಕೊಳ್ಳುವ ಅವಕಾಶವೇ ಅವರಿಗೆ ಸಿಗಲಿಲ್ಲ. ಆ ಊರಿನ ಹಳೇ ಜನ ಇವತ್ತಿಗೂ ತಂಡ ಹೋದದ್ದಕ್ಕಿಂತ ಅದು ಹೋದ ರೀತಿಯನ್ನೇ ಜಾಸ್ತಿ ಹೇಳುತ್ತಾರೆ.

ಓಕ್ಲೆಂಡ್ ಜನಕ್ಕೆ ಹಾಗಾಗಲಿಲ್ಲ. 2019ರ ಸೆಪ್ಟೆಂಬರ್ 9ರ ರಾತ್ರಿ ಡೆನ್ವರ್ ಬ್ರಾಂಕೋಸ್ ವಿರುದ್ಧ ಸೀಸನ್ ಶುರುವಾದಾಗ ಇದು ಕೊನೆಯ ವರ್ಷ ಅಂತ ಎಲ್ಲರಿಗೂ ಗೊತ್ತಿತ್ತು. ಎರಡು ದಿನ ಮುಂಚೆಯಷ್ಟೇ ತಂಡ ತನ್ನ ದೊಡ್ಡ ಹೆಸರಿನ ಆಟಗಾರ ಆಂಟೋನಿಯೊ ಬ್ರೌನ್‌ನನ್ನು ಕೈಬಿಟ್ಟಿತ್ತು. ಎಲ್ಲ ಗೊಂದಲ. ಆದರೂ ಪಾರ್ಕಿಂಗ್ ಲಾಟ್ ತುಂಬಿತ್ತು. ಮೈದಾನದ ತುದಿಯ ಎಂಡ್ ಝೋನ್ ಹಿಂದೆ, ಬ್ಲ್ಯಾಕ್ ಹೋಲ್ ಅನ್ನೋ ಕಟ್ಟಾ ಅಭಿಮಾನಿಗಳ ಜಾಗದಲ್ಲಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಭುಜಕ್ಕೆ ಮುಳ್ಳು ಕಟ್ಟಿಕೊಂಡು ಜನ ಬಂದು ನಿಂತಿದ್ದರು. ತಂಡ 24-16ರಿಂದ ಗೆದ್ದಿತು.

ನವೆಂಬರ್ ಅಂತೂ ನೆನಪಲ್ಲಿ ಉಳಿಯುವಂಥದ್ದು. ತವರಿನಲ್ಲಿ ಸಾಲಾಗಿ ಡೆಟ್ರಾಯಿಟ್, ಚಾರ್ಜರ್ಸ್, ಸಿನ್ಸಿನಾಟಿ ಮೂರೂ ತಂಡಗಳನ್ನು ಸೋಲಿಸಿ 6-4ಕ್ಕೆ (ಆರು ಗೆಲುವು, ನಾಲ್ಕು ಸೋಲು) ಬಂದು ನಿಂತರು. ಜಾಷ್ ಜೇಕಬ್ಸ್ ಅನ್ನೋ ಹೊಸ ಹುಡುಗ ಮೊದಲ ವರ್ಷದಲ್ಲೇ, ಅದೂ 13 ಪಂದ್ಯಗಳಲ್ಲಿ, 1,150 ಗಜ ಓಡಿದ. ಊರು ಬಿಡುವ ತಂಡ ಮನಸ್ಸಿಟ್ಟು ಆಡಲ್ಲ ಅನ್ನುವವರು ಆ ಮೂರು ಪಂದ್ಯ ನೋಡಲಿ.

ಕೊನೆಯ ಪಂದ್ಯ ಡಿಸೆಂಬರ್ 15ಕ್ಕೆ, ಜಾಕ್ಸನ್‌ವಿಲ್ ವಿರುದ್ಧ. ಅರ್ಧ ಆಟಕ್ಕೆ 16-3 ಮುಂದಿದ್ದವರು ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಬಿಟ್ಟುಕೊಟ್ಟು 20-16ರಿಂದ ಸೋತರು. ಜನ ಬೈದರು, ಕೂಗಿದರು, ಕೆಲವರು ಕೈಗೆ ಸಿಕ್ಕಿದ್ದನ್ನು ಮೈದಾನಕ್ಕೆ ಎಸೆದರು. ಎಸೆದದ್ದು ಸರಿ ಅನ್ನುತ್ತಿಲ್ಲ. ಆದರೆ ದಶಕಗಟ್ಟಲೆ ತಂಡದ ಹಿಂದೆ ನಿಂತವರಿಗೆ ತಮ್ಮ ಕೋಪ ಹೇಳಿಕೊಳ್ಳಲು ಒಂದು ಜಾಗ, ಒಂದು ದಿನ ಬೇಕು ಅಲ್ವಾ? ಅದೇ ಸಂಜೆ ಆಟಗಾರರು ಬ್ಲ್ಯಾಕ್ ಹೋಲ್ ಹತ್ತಿರ ಹೋಗಿ ಜನರನ್ನು ಅಪ್ಪಿಕೊಂಡರು. ಕೋಪವೂ ಪ್ರೀತಿಯೂ ಒಂದೇ ಜಾಗದಲ್ಲಿ ಹೊರಬಂತು. ಟೀವಿಯಲ್ಲಿ ಪತ್ರಿಕಾಗೋಷ್ಠಿ ನೋಡಿ ಅದು ಆಗೋದಿಲ್ಲ.

ಇನ್ನೊಂದು ಮಾತು. 2020ರಲ್ಲಿ ಲಾಸ್ ವೇಗಸ್‌ನ ಹೊಸ ಸ್ಟೇಡಿಯಂ ತೆರೆದಾಗ ಕೋವಿಡ್ ಬಂದಿತ್ತು. ಸೀಸನ್ ಪೂರ್ತಿ ಪ್ರೇಕ್ಷಕರೇ ಇಲ್ಲ. 2019ರ ಆ ಸೀಸನ್ ಓಕ್ಲೆಂಡ್‌ಗೆ ಸಿಗದೆ ತಂಡ ಬೇರೆಲ್ಲೋ ತಾತ್ಕಾಲಿಕವಾಗಿ ಆಡಿದ್ದರೆ, ಅಷ್ಟೊಂದು ಆಟ ಯಾರಿಗೂ ಸೇರದೆ ಹೋಗುತ್ತಿತ್ತು.

ವಿರೋಧ: ಆ ಸೀಸನ್‌ನಲ್ಲಿ ಓಕ್ಲೆಂಡ್‌ಗೆ ಸಿಕ್ಕಿದ್ದೆಷ್ಟು?

ಬೀಳ್ಕೊಡುಗೆಯ ಮಾತು ಕೇಳೋಕೆ ಚೆನ್ನಾಗಿದೆ. ಆದರೆ 2019ರ ಪಂದ್ಯಪಟ್ಟಿ ತೆಗೆದು ನೋಡಿ. ಒಂದು ತಂಡಕ್ಕೆ ಆಗ ವರ್ಷಕ್ಕೆ ತವರಿನಲ್ಲಿ ಎಂಟು ಪಂದ್ಯ. ಓಕ್ಲೆಂಡ್‌ಗೆ ಸಿಕ್ಕಿದ್ದು ಏಳು. ಎಂಟನೆಯದನ್ನು, ಅಂದರೆ ಷಿಕಾಗೊ ವಿರುದ್ಧದ ಪಂದ್ಯವನ್ನು, ಲಂಡನ್‌ನಲ್ಲಿ ಆಡಿಸಿದರು. ಸೀಸನ್‌ಗೆ ಮುಂಚಿನ ಒಂದು ಅಭ್ಯಾಸ ಪಂದ್ಯವನ್ನು ಕೆನಡಾದ ವಿನಿಪೆಗ್‌ಗೆ ಒಯ್ದರು. ಅಲ್ಲಿ ಮೈದಾನ ಸರಿಯಿಲ್ಲ ಅಂತ 80 ಗಜಕ್ಕೆ ಇಳಿಸಿ ಆಡಿದರು. ಸೆಪ್ಟೆಂಬರ್ 15ರಿಂದ ನವೆಂಬರ್ 3ರವರೆಗೆ ಏಳು ವಾರ ಓಕ್ಲೆಂಡ್‌ನಲ್ಲಿ ಒಂದೂ ಪಂದ್ಯ ಇಲ್ಲ. ಜನರಿಗೆ ವಿದಾಯ ಹೇಳೋದೇ ಉದ್ದೇಶ ಆಗಿದ್ದರೆ ಪಟ್ಟಿ ಹೀಗಿರುತ್ತಿತ್ತಾ?

ಆ ಸೀಸನ್ ಓಕ್ಲೆಂಡ್‌ಗೆ ಬಂದದ್ದೂ ಪ್ರೀತಿಯಿಂದಲ್ಲ. 2018ರ ಡಿಸೆಂಬರ್‌ನಲ್ಲಿ ನಗರ ತಂಡದ ಮೇಲೂ ಎನ್‌ಎಫ್‌ಎಲ್ ಮೇಲೂ ಕೇಸು ಹಾಕಿತು. ತಂಡ ಬೇರೆ ಕಡೆ ಜಾಗ ಹುಡುಕಿತು. ಸ್ಯಾನ್ ಫ್ರಾನ್ಸಿಸ್ಕೊದ ಬೇಸ್‌ಬಾಲ್ ಮೈದಾನದ ಮಾತೂ ಬಂತು. ಎಲ್ಲೂ ಕೂಡಿಬರಲಿಲ್ಲ. ಆಮೇಲೆ ಓಕ್ಲೆಂಡ್ ಜೊತೆ ಮತ್ತೆ ಬಾಡಿಗೆ ಕರಾರು ಮಾಡಿಕೊಂಡರು. 2018ರ ಡಿಸೆಂಬರ್ 24ರಂದು ಡೆನ್ವರ್ ವಿರುದ್ಧ ಗೆದ್ದಾಗ ಎಷ್ಟೋ ಜನ ಇದೇ ಕೊನೆ ಅಂದುಕೊಂಡು ಅತ್ತು ಮನೆಗೆ ಹೋಗಿದ್ದರು. ಅವರನ್ನೇ ಮತ್ತೆ ಕರೆದು ಮತ್ತೊಂದು ವರ್ಷದ ಟಿಕೆಟ್ ಮಾರಿದರು.

ಎಲ್ಲಕ್ಕಿಂತ ನನಗೆ ನೋವಾಗೋದು ತಂಡ ಕಟ್ಟಿದ ರೀತಿ. 2016ರಲ್ಲಿ ರೈಡರ್ಸ್ 12-4. ಎಷ್ಟೋ ವರ್ಷಗಳ ಮೇಲೆ ಒಳ್ಳೇ ತಂಡ. ದಾಳಿ ನಡೆಸುವ ಮುಖ್ಯ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಡೆರೆಕ್ ಕಾರ್ ಕ್ರಿಸ್‌ಮಸ್ ಮುನ್ನಾದಿನ ಕಾಲು ಮುರಿದುಕೊಳ್ಳದಿದ್ದರೆ ಏನಾಗುತ್ತಿತ್ತೋ. ಆ ತಂಡವನ್ನು ಓಕ್ಲೆಂಡ್ ಜನರ ಕಣ್ಣೆದುರೇ ಬಿಚ್ಚಿಹಾಕಿದರು. 2018ರ ಸೀಸನ್ ಶುರುವಾಗುವ ಮುಂಚೆ ಪ್ರಮುಖ ಆಟಗಾರರಲ್ಲಿ ಖಲೀಲ್ ಮ್ಯಾಕ್ ಷಿಕಾಗೊಗೆ, ಅಕ್ಟೋಬರ್‌ನಲ್ಲಿ ಅಮಾರಿ ಕೂಪರ್ ಡಲ್ಲಾಸ್‌ಗೆ. ಬದಲಿಗೆ ಬಂದದ್ದು ಮುಂದಿನ ವರ್ಷಗಳ ಡ್ರಾಫ್ಟ್ ಅವಕಾಶಗಳು, ಅಂದರೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳು. ಜೇಕಬ್ಸ್ ಸಿಕ್ಕಿದ್ದೂ ಮ್ಯಾಕ್‌ನನ್ನು ಬಿಟ್ಟುಕೊಟ್ಟು ಪಡೆದ ಅವಕಾಶದಿಂದಲೇ. ಹೊಸ ಊರಲ್ಲಿ ಗೆಲ್ಲೋ ತಂಡ ಬೇಕು, ಅದಕ್ಕಾಗಿ ಹಳೇ ಊರಿನವರು 4-12ರ ಸೀಸನ್‌ಗೆ ದುಡ್ಡು ಕೊಟ್ಟು ಕೂರಬೇಕು. ಬೇರೆಯವರ ಹೊಲಕ್ಕೆ ಇವರು ನೀರು ಹಾಯಿಸಿದ ಹಾಗೆ.

ಕೊನೆಯ ಸೀಸನ್ ಇನ್ನೂ ಕೆಟ್ಟದಾಗಿಯೂ ಇರಬಹುದು. ಹ್ಯೂಸ್ಟನ್ ಆಯಿಲರ್ಸ್ ಕಥೆ ಅದೇ. ಟೆನೆಸಿಗೆ ಹೋಗೋದು ನಿಕ್ಕಿಯಾದ ಮೇಲೆ 1996ರಲ್ಲಿ ಅವರು ಹ್ಯೂಸ್ಟನ್‌ನ ತಮ್ಮ ಹಳೇ ಮೈದಾನ ಆಸ್ಟ್ರೋಡೋಮ್‌ನಲ್ಲೇ ಆಡಿದರು. ಸುಮಾರು 60 ಸಾವಿರ ಜನ ಹಿಡಿಸುವ ಜಾಗ, ಕೊನೆಯ ಪಂದ್ಯಕ್ಕೆ ಬಂದವರು ಸುಮಾರು 15 ಸಾವಿರ. ಆ ವರ್ಷ ತಂಡ ಹೊರಗಿನ ಊರುಗಳಲ್ಲಿ 6-2, ತವರಿನಲ್ಲಿ 2-6. ಬೇರೆಯವರ ಮೈದಾನದಲ್ಲಿ ಗೆಲ್ಲುತ್ತಿದ್ದವರಿಗೆ ತಮ್ಮದೇ ಮೈದಾನದಲ್ಲಿ ಆಡಲಾಗಲಿಲ್ಲ. ಮರುವರ್ಷದ ಕರಾರು ಇನ್ನೂ ಇತ್ತು, ಅದನ್ನೂ ಮುರಿದುಕೊಂಡು ಹೊರಟರು. ಆಟಗಾರರ ತಪ್ಪೇನಿತ್ತು? ಮಾಲೀಕರು ಮಾಡಿದ ನಿರ್ಧಾರಕ್ಕೆ ಪ್ರತಿ ವಾರ ಖಾಲಿ ಕುರ್ಚಿಗಳ ಮುಂದೆ ನಿಲ್ಲಬೇಕಾದವರು ಅವರು.

ಕ್ಲೀವ್‌ಲ್ಯಾಂಡ್‌ನಲ್ಲಿ 1995ರ ಸೀಸನ್ ಮಧ್ಯದಲ್ಲೇ, ನವೆಂಬರ್ 6ರಂದು, ಮಾಲೀಕ ಆರ್ಟ್ ಮೊಡೆಲ್ ತಮ್ಮ ಬ್ರೌನ್ಸ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಘೋಷಿಸಿದರು. ಮಾರನೇ ದಿನವೇ ಅಲ್ಲಿನ ಮತದಾರರು ಸ್ಟೇಡಿಯಂ ದುರಸ್ತಿಗಾಗಿ ಹೆಂಡ-ಸಿಗರೇಟಿನ ಮೇಲಿನ ತೆರಿಗೆ ಮುಂದುವರಿಸಲು ಭಾರೀ ಬಹುಮತದಿಂದ ಒಪ್ಪಿದರು. ಅಷ್ಟು ಹೊತ್ತಿಗೆ ಆಗೋದು ಆಗಿಹೋಗಿತ್ತು. ಬಿಲ್ ಬೆಲಿಚಿಕ್ ಕೋಚ್ ಆಗಿದ್ದ ಆ ತಂಡ ಆಗ 4-5, ಉಳಿದ ಏಳು ಪಂದ್ಯಗಳಲ್ಲಿ ಗೆದ್ದದ್ದು ಒಂದೇ. ಜಾಹೀರಾತುದಾರರು ಬೋರ್ಡ್ ಕಿತ್ತುಕೊಂಡು ಹೋದರು. ಗೆದ್ದ ಆ ಒಂದು ಪಂದ್ಯವೇ ತವರಿನ ಕೊನೆಯದು. ಅವತ್ತು ಜನ ಕುರ್ಚಿಗಳನ್ನೇ ಕಿತ್ತು ಎಸೆಯುತ್ತಿದ್ದರಿಂದ ಕೊನೆಯ ಕ್ವಾರ್ಟರ್‌ನಲ್ಲಿ ಆಟವನ್ನು ಇನ್ನೊಂದು ತುದಿಯ ಕಡೆ ತಿರುಗಿಸಬೇಕಾಯಿತು.

ಆದರೆ ಕ್ಲೀವ್‌ಲ್ಯಾಂಡ್ ಒಂದು ಕೆಲಸ ಮಾಡಿತು. ಸುಮ್ನೆ ಅಳುತ್ತಾ ಕೂರದೆ ಕೋರ್ಟಿಗೆ ಹೋಯಿತು. 1996ರ ಫೆಬ್ರುವರಿಯ ಒಪ್ಪಂದದಲ್ಲಿ ಬ್ರೌನ್ಸ್ ಹೆಸರು, ಬಣ್ಣ, ದಾಖಲೆ ಎಲ್ಲ ಊರಿಗೇ ಉಳಿಯಿತು. ಮೊಡೆಲ್ ಬಾಲ್ಟಿಮೋರ್‌ಗೆ ಹೋಗಿ ರೇವನ್ಸ್ ಅನ್ನೋ ಹೊಸ ಹೆಸರಲ್ಲಿ ಶುರುಮಾಡಬೇಕಾಯಿತು. 1999ರಲ್ಲಿ ಹೊಸ ಸ್ಟೇಡಿಯಂ ಜೊತೆ ಬ್ರೌನ್ಸ್ ವಾಪಸ್ ಬಂತು. ಊರಿಗೆ ಬೇಕಾದದ್ದು ಇಂಥದ್ದು. ಓಕ್ಲೆಂಡ್ ಕೂಡ ಕೋರ್ಟಿಗೆ ಹೋಯಿತು, ಆದರೆ ಕೊನೆಗೆ ಸೋತಿತು. ರೈಡರ್ಸ್ ಅನ್ನೋ ಹೆಸರು, ಬೆಳ್ಳಿ-ಕಪ್ಪು ಬಣ್ಣ, 1960ರಿಂದ ಬಂದ ಇತಿಹಾಸ ಎಲ್ಲವೂ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯಕ್ಕೆ ಹೋಯಿತು.

ಉಳಿದದ್ದು ಸಾಲ. ಹಿಂದೊಮ್ಮೆ ಲಾಸ್ ಏಂಜಲೀಸ್‌ಗೆ ಹೋಗಿದ್ದ ತಂಡ 1995ರಲ್ಲಿ ವಾಪಸ್ ಬಂದಾಗ ಅದಕ್ಕಾಗಿ ಸ್ಟೇಡಿಯಂಗೆ ದೊಡ್ಡ ಗ್ಯಾಲರಿ ಸೇರಿಸಿದ್ದರು. ಆಗಿನ ಮಾಲೀಕ ಅಲ್ ಡೇವಿಸ್ ಹೆಸರು ಹಿಡಿದು ಜನ ಅದನ್ನು ಮೌಂಟ್ ಡೇವಿಸ್ ಅಂತ ಕರೆದರು. ಅದರ ಕಂತು ಕಟ್ಟಿದ್ದು ಓಕ್ಲೆಂಡ್ ನಗರ ಮತ್ತು ಅಲಮೀಡಾ ಕೌಂಟಿ. ಫ್ರೀಮಾಂಟ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡದವರೂ ಅದೇ ಕೌಂಟಿಗೆ ತೆರಿಗೆ ಕೊಡುವವರು, ಒಂದು ಪಂದ್ಯವನ್ನೂ ನೋಡದಿದ್ದರೂ. ತಂಡ ಹೋದ ಮೇಲೂ ಆ ಕಂತು ನಿಲ್ಲಲಿಲ್ಲ. ಲಾಸ್ ವೇಗಸ್‌ನ ಸ್ಟೇಡಿಯಂಗೆ ನೆವಾಡಾ ಹೋಟೆಲ್ ಕೋಣೆಗಳ ಮೇಲಿನ ತೆರಿಗೆಯಿಂದ 75 ಕೋಟಿ ಡಾಲರ್ ಕೊಡುತ್ತಿದ್ದಾಗಲೇ ಮಾಲೀಕರ ಕಡೆ ಕೈ ತೋರಿಸಿ ಹೇಳಬೇಕಿತ್ತು: ಹೋಗೋದಾದರೆ ಹೋಗಿ, ಆದರೆ ಹಳೇ ಗ್ಯಾಲರಿಯ ಸಾಲ ತೀರಿಸಿ, ಹೆಸರನ್ನು ಇಲ್ಲೇ ಬಿಟ್ಟು ಹೋಗಿ. ಇವೆರಡು ಸಿಗುವ ಹಾಗಿದ್ದರೆ ಆ ಏಳು ಪಂದ್ಯ ಬಿಟ್ಟುಕೊಡೋಕೆ ಓಕ್ಲೆಂಡ್‌ನವರು ಒಪ್ಪುತ್ತಿದ್ದರು ಅಂತಲೇ ನನ್ನ ನಂಬಿಕೆ.