ನಕ್ಷೆಯ ಮೇಲಿನ ಅಕ್ಷರ ಓದಿ, ಆಮೇಲೆ ಕಳಿಸಿ

ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಚಿತ್ರ ಬಂತು. ಯುರೋಪಿನ ನಕ್ಷೆಗಾರ ಮೆರ್ಕೇಟರ್ ಬರೆದ ಉತ್ತರ ಧ್ರುವದ ನಕ್ಷೆ. ಅವನು ಸತ್ತ ಮರುವರ್ಷ, 1595ರಲ್ಲಿ ಅಚ್ಚಾಗಿದ್ದು. ಧ್ರುವದ ನಟ್ಟನಡುವೆ ಒಂದು ಕರಿಬಂಡೆ, ಸುತ್ತ ನಾಲ್ಕು ದ್ವೀಪ, ಅವುಗಳ ಸಂದಿಯಲ್ಲಿ ಒಳಕ್ಕೆ ನುಗ್ಗುವ ನಾಲ್ಕು ಹೊಳೆ. ಕೆಳಗೆ ಕೆಂಪಕ್ಷರದಲ್ಲಿ, ‘ಇದೇ ಮೇರು ಪರ್ವತ, ಯುರೋಪಿನವರು ಮುಚ್ಚಿಟ್ಟ ಸತ್ಯ, ಹತ್ತು ಜನಕ್ಕೆ ಕಳಿಸಿ.’ ಕಳಿಸಿದವರು ನಮ್ಮ ಮಾವ. ಈ ವರ್ಷ ಇದು ಮೂರನೇ ಸಲ.

ಮುಚ್ಚಿಟ್ಟಿದ್ದು ಎಲ್ಲಿ? ಯಾರ ಮಾತು ಕೇಳಿ ಇದನ್ನು ಬರೆದೆ ಅಂತ ಆ ಮನುಷ್ಯ ನಕ್ಷೆಯ ಮೇಲೇ ಹೇಳಿದ್ದಾನೆ! 1569ರಲ್ಲಿ ಅವನು ನಾವಿಕರಿಗಾಗಿ ಜಗತ್ತಿನ ದೊಡ್ಡ ನಕ್ಷೆ ಮಾಡಿದ. ಅವನ ಲೆಕ್ಕಾಚಾರದಲ್ಲಿ ಮೇಲಕ್ಕೆ ಹೋದಷ್ಟೂ ನೆಲ ಹಿಗ್ಗುತ್ತದೆ, ಧ್ರುವವಂತೂ ಕಾಗದದೊಳಗೆ ಬರುವುದೇ ಇಲ್ಲ. ಅದಕ್ಕೇ ಮೂಲೆಯಲ್ಲಿ ಧ್ರುವಕ್ಕೇ ಬೇರೆ ಒಂದು ವೃತ್ತ ಎಳೆದ; ಮಾವ ಕಳಿಸಿದ ಚಿತ್ರ ಅದರದೇ ದೊಡ್ಡ ರೂಪ. ಎಳೆದ ಮೇಲೆ ಒಳಗೆ ಏನಾದರೂ ತುಂಬಬೇಕಲ್ಲ? ಅಲ್ಲಿಗೆ ಹೋಗಿಬಂದವರು ಯಾರೂ ಇರಲಿಲ್ಲ. ಯಾಕೋಬುಸ್ ಕ್ನೋಯೆನ್ ಎಂಬ ಪ್ರವಾಸಿ ಬರೆದಿಟ್ಟಿದ್ದು ಸಿಕ್ಕಿತು. ಆ ಕ್ನೋಯೆನ್‌ಗೆ ಹೇಳಿದವನು 1364ರಲ್ಲಿ ನಾರ್ವೆಯ ದೊರೆಯ ಬಳಿ ಇದ್ದ ಒಬ್ಬ ಪಾದ್ರಿ. ಹೀಗೆ ಬಾಯಿಂದ ಬಾಯಿಗೆ ಬಂದ ಮಾತು ಇದು ಅಂತ ಮೆರ್ಕೇಟರ್ ನಕ್ಷೆಯಲ್ಲೇ ಲ್ಯಾಟಿನ್‌ನಲ್ಲಿ ಬರೆದಿಟ್ಟ. ಬಂಡೆಯ ಸುತ್ತಳತೆ 33 ಲೀಗ್ (ದೂರದ ಹಳೆಯ ಅಳತೆ) ಅಂತಲೂ, ಒಂದು ದ್ವೀಪದಲ್ಲಿ ನಾಲ್ಕಡಿ ಎತ್ತರದ ಕುಳ್ಳರು ಇದ್ದಾರೆ ಅಂತಲೂ ಬರೆದ. ಮೇರು ಅಂತ ಎಲ್ಲಿಯೂ ಬರೆದಿಲ್ಲ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೇ ಯಾಕೆ ಇಷ್ಟು ಉರಿಯುತ್ತದೆ ಅಂತ ಕೇಳಿದರೆ, ಒಂದು ವಿಷಯ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದ್ದನ್ನೇ ಪಾಠ ಮಾಡಿದ್ದೆ. ತುರ್ಕಿಯ ಪಿರಿ ರೀಸ್ 1513ರಲ್ಲಿ ಬರೆದ ನಕ್ಷೆಯಲ್ಲಿ ಹಿಮವಿಲ್ಲದ ಅಂಟಾರ್ಕ್ಟಿಕಾ ಕಾಣುತ್ತದೆ ಅಂತ ಎರಡು ವರ್ಷ ಮಕ್ಕಳಿಗೆ ಹೇಳಿದೆ. ಆ ಖಂಡ ಹಿಮ ಹೊದ್ದು ಮೂರು ಕೋಟಿ ವರ್ಷದ ಮೇಲಾಗಿದೆ. ಅದಿರಲಿ, ನಕ್ಷೆಯ ಆ ದಕ್ಷಿಣದ ತೀರದ ಪಕ್ಕದಲ್ಲೇ ಪಿರಿ ರೀಸ್ ಬರೆದಿದ್ದಾನೆ: ಇಲ್ಲಿ ದೊಡ್ಡ ದೊಡ್ಡ ಹಾವುಗಳಿವೆಯಂತೆ, ಬಲು ಸೆಕೆಯಂತೆ. ಅದರ ಅನುವಾದ ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಮಕ್ಕಳು ಆಗಲೇ ಶಾಲೆ ಬಿಟ್ಟುಹೋಗಿದ್ದರು.

‘ಹೋಗಲಿ ಬಿಡೇ, ಮಕ್ಕಳಿಗೆ ಕುತೂಹಲವಾದರೂ ಹುಟ್ಟುತ್ತದೆ’ ಅಂದರು ಮಾವ, ಫೋನಿನಲ್ಲಿ. ಇಲ್ಲ ಮಾವ, ಹುಟ್ಟುವುದಿಲ್ಲ. ‘ಮುಚ್ಚಿಟ್ಟ ಸತ್ಯ’ ಅಂದ ಕೂಡಲೇ ಮಗು ಕೇಳುವುದನ್ನು ನಿಲ್ಲಿಸುತ್ತದೆ, ನಂಬುತ್ತದೆ ಅಷ್ಟೆ. ಕುತೂಹಲ ಹುಟ್ಟಿಸುವ ಕಥೆ ಬೇರೆಯೇ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

1596ರ ಜೂನ್‌ನಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಉತ್ತರಕ್ಕೆ ಹೋಗಿ ಸ್ಪಿಟ್ಸ್‌ಬರ್ಗನ್ ಎಂಬ ದ್ವೀಪ ಕಂಡ. ಆಮೇಲೆ ರಷ್ಯಾದ ಉತ್ತರಕ್ಕಿರುವ ನೊವಾಯಾ ಜೆಮ್ಲ್ಯಾ ದ್ವೀಪದಲ್ಲಿ, ಹದಿನೇಳು ಜನರಿದ್ದ ಹಡಗು ಹಿಮಕ್ಕೆ ಸಿಕ್ಕಿಬಿತ್ತು. ತೇಲಿಬಂದ ಮರ, ಹಡಗಿನ ಹಲಗೆ ಎಲ್ಲ ಸೇರಿಸಿ ಮನೆ ಕಟ್ಟಿ ಚಳಿಗಾಲ ಕಳೆದರು. ಬೇಸಿಗೆಯಲ್ಲಿ ತೆರೆದ ದೋಣಿ ಹತ್ತಿ ಹೊರಟರು, ದಾರಿಯಲ್ಲೇ ಬಾರೆಂಟ್ಸ್ ಸತ್ತ. ಹನ್ನೆರಡು ಜನ ಊರು ಮುಟ್ಟಿದರು.

ಮೆರ್ಕೇಟರ್ ನಕ್ಷೆ ಕೊರೆದು ಅಚ್ಚು ಹಾಕಲು ಬಳಸಿದ ತಾಮ್ರದ ತಗಡುಗಳು ಆಮೇಲೆ ಹೊಂಡಿಯುಸ್ ಎಂಬಾತನ ಕೈಗೆ ಬಂದವು. 1606ರಲ್ಲಿ ಅವನು ನಕ್ಷೆಯನ್ನು ಮತ್ತೆ ಅಚ್ಚು ಮಾಡುವಾಗ ಸ್ಪಿಟ್ಸ್‌ಬರ್ಗನ್‌ಗೆ ಜಾಗ ಬೇಕಾಯಿತು. ಅದಕ್ಕಾಗಿ ಆ ನಾಲ್ಕರಲ್ಲಿ ಒಂದು ದ್ವೀಪದ ಭಾಗವನ್ನು ಅಳಿಸಿದ. ತಾಮ್ರದಲ್ಲಿ ಕೊರೆದದ್ದನ್ನು ಅಳಿಸುವುದೆಂದರೆ ರಬ್ಬರ್ ಉಜ್ಜಿದ ಹಾಗಲ್ಲ. ತಿಕ್ಕಿ ತೆಗೆಯಬೇಕು, ತಗ್ಗಾದಲ್ಲಿ ಹಿಂದಿನಿಂದ ಬಡಿಯಬೇಕು, ನುಣುಪು ಮಾಡಿ ಮತ್ತೆ ಕೊರೆಯಬೇಕು. ಆ ಕೆಲಸವನ್ನು ಮಾಡಿದವರನ್ನೇ ನಾವು ಸತ್ಯ ಮುಚ್ಚಿಟ್ಟವರು ಅನ್ನುತ್ತಿದ್ದೇವೆ!

ಇವತ್ತು 1595ರದ್ದು, 1606ರದ್ದು ಎರಡೂ ನಕ್ಷೆ ಪ್ರಿಂಟ್ ತೆಗೆಸಿ ಒಂಬತ್ತನೇ ತರಗತಿಗೆ ಒಯ್ದೆ. ಏನೂ ಹೇಳದೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಒಬ್ಬ ಹುಡುಗಿ ಎರಡನೆಯದರ ಮೇಲೆ ಬಗ್ಗಿದಳು. ದ್ವೀಪದ ಗೆರೆಯ ಮೇಲೆ ಬೆರಳಾಡಿಸುತ್ತಾ ಹೋಗಿ, ಗೆರೆ ಕಡಿದುಹೋದಲ್ಲಿ ನಿಲ್ಲಿಸಿ, ‘ಮೇಡಂ, ಇದರ ಮಿಕ್ಕಿದ ಭಾಗ ಎಲ್ಲಿ ಹೋಯ್ತು?’ ಅಂದಳು.

ಗಂಟೆ ಹೊಡೆಯುವವರೆಗೂ ಬಾರೆಂಟ್ಸ್‌ನ ಕಥೆ ಹೇಳಿದೆ.