ಎಷ್ಟು ಅಂತ ಕೇಳಿದರೆ ಯಾರಲ್ಲೂ ಉತ್ತರ ಇಲ್ಲ

ತರಬೇತಿ ಮೈದಾನದಿಂದ ಈಗಷ್ಟೇ ಬಂದೆ. ಷೂ ಕೂಡ ಬಿಚ್ಚಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ಐದು ತಿಂಗಳ ನಾಯಿಮರಿ. ದೊಡ್ಡ ತಳಿ. ಕಾಣೆಯಾದವರನ್ನು ಹುಡುಕುವ ಕೆಲಸಕ್ಕೆ ತಯಾರು ಮಾಡುತ್ತಿದ್ದಾರೆ. ಕಣ್ಣು ಚುರುಕು, ಮೂಗು ಅದಕ್ಕಿಂತ ಚುರುಕು. ಆದರೆ ನಿಂತರೆ ಮುಂದಿನ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿವೆ. ಕುಣಿದಾಡಬೇಕಾದ ವಯಸ್ಸು, ನಾಲ್ಕು ಹೆಜ್ಜೆ ಹಾಕಿ ಕೂತುಬಿಡುತ್ತದೆ. ಕರೆದರೆ ಏಳುತ್ತದೆ, ಬರುತ್ತದೆ, ಮತ್ತೆ ಕೂರುತ್ತದೆ. "ಸ್ವಲ್ಪ ಸೋಮಾರಿ ಅಕ್ಕಾ ಇದು" ಅಂದ ಅದನ್ನು ಸಾಕಿದ ಹುಡುಗ.

ಸೋಮಾರಿತನ ಅಲ್ಲ, ಅದು ನೋವು. ಅಷ್ಟು ನೋವಿದ್ದರೂ ಕರೆದಾಗ ಎದ್ದು ಬರುತ್ತಿತ್ತಲ್ಲ, ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಏನು ಹಾಕ್ತೀಯಪ್ಪಾ ಅಂತ ಕೇಳಿದೆ. "ಬರೀ ಹಸಿ ಮಾಂಸ ಅಕ್ಕಾ. ಎಲುಬಿಲ್ಲದ್ದನ್ನೇ ಆರಿಸಿ ತರ್ತೀನಿ. ಮೇಲೆ ನಾಲ್ಕು ಸಪ್ಲಿಮೆಂಟ್" ಅಂತ ಬ್ಯಾಗಿನಿಂದ ಡಬ್ಬಗಳನ್ನು ತೆಗೆದು ಸಾಲಾಗಿ ಇಟ್ಟ. ಪ್ರೋಟೀನ್ ಪುಡಿ, ಮೀನೆಣ್ಣೆ, ಕೀಲಿಗೆ ಗ್ಲುಕೋಸಮೈನ್, ಒಂದು ಮಲ್ಟಿವಿಟಮಿನ್. ಎಷ್ಟೆಷ್ಟು? "ಒಂದೊಂದು ಚಮಚ." ಮಾಂಸ ಎಷ್ಟು? "ಅದು ತಿಂದಷ್ಟು." ಕ್ಯಾಲ್ಸಿಯಂ? "ಅಯ್ಯೋ ಬೇಡ ಅಕ್ಕಾ, ದೊಡ್ಡ ತಳಿ ಮರಿಗೆ ಕ್ಯಾಲ್ಸಿಯಂ ಕೊಡಲೇಬಾರದಂತೆ."

ಯಾರು ಹೇಳಿದರು ಅಂತ ಕೇಳಲಿಲ್ಲ. ನಮ್ಮಂಥವರೇ ಯಾರೋ ಹೇಳಿರುತ್ತಾರೆ. ಅರ್ಧ ಹೇಳಿ ಅರ್ಧ ಬಿಟ್ಟಿರುತ್ತಾರೆ.

ಆ ಮಾತಿನಲ್ಲಿ ನಿಜ ಇದೆ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ, ಕೀಲು ಎರಡೂ ಕೆಡುತ್ತವೆ. ಎಳೆ ಮರಿಯ ಕರುಳಿಗೆ ಬೇಡವಾದದ್ದನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಕೊಟ್ಟಿದ್ದನ್ನು ಬಹುಪಾಲು ಹೀರಿಕೊಳ್ಳುತ್ತದೆ. ಆದರೆ ಜಾಸ್ತಿ ಬೇಡ ಅಂದರೆ ಸೊನ್ನೆ ಅಂತ ಅರ್ಥವೇ? ಎಲುಬಿಲ್ಲದ ಮಾಂಸ 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ರಂಜಕ (ಫಾಸ್ಫರಸ್) ಸುಮಾರು 200 ಮಿಲಿಗ್ರಾಂ ಇರುತ್ತದೆ, ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ. ಮರಿಗೆ ಬೇಕಾದದ್ದು ರಂಜಕಕ್ಕಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ. ಬೆಳೆಯುವ ಮರಿಗೆ ಪ್ರತಿ ಸಾವಿರ ಕ್ಯಾಲೊರಿ ಆಹಾರದಲ್ಲಿ ಕನಿಷ್ಠ 3 ಗ್ರಾಂ ಕ್ಯಾಲ್ಸಿಯಂ ಇರಬೇಕು, ದೊಡ್ಡ ತಳಿಯಲ್ಲಿ 4.5 ಗ್ರಾಂ ದಾಟಬಾರದು ಅಂತ ಲೆಕ್ಕ ಹಾಕಿ ಇಟ್ಟಿದ್ದಾರೆ. ಎಷ್ಟು ಸಣ್ಣ ಜಾಗ ನೋಡಿ. ಚಮಚದಲ್ಲಿ, ಕಣ್ಣಂದಾಜಿನಲ್ಲಿ ಅಲ್ಲಿಗೆ ಹೋಗಿ ನಿಲ್ಲಲು ಆಗುತ್ತದೆಯೇ?

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಸುಮ್ನೆ ಕೂರುವುದಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಅದನ್ನು ಎಳೆದು ರಕ್ತಕ್ಕೆ ಹಾಕುತ್ತದೆ. ದಿನಾ ಎಳೆಯುತ್ತದೆ. ಮಾಂಸಖಂಡ ಚೆನ್ನಾಗಿ ಬೆಳೆಯುತ್ತಿರುತ್ತದೆ, ಮೈ ಹೊಳೆಯುತ್ತಿರುತ್ತದೆ, ನೋಡಿದವರೆಲ್ಲ ಹೊಗಳುತ್ತಾರೆ, ಒಳಗೆ ಮಾತ್ರ ಮೂಳೆ ತೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಮಂಚದಿಂದ ಹಾರಿದರೂ ಮುರಿಯುತ್ತದೆ. ನಾಲ್ಕು ಡಬ್ಬದ ದುಡ್ಡು ಹಾಕಿದ್ದಾನೆ ಆ ಹುಡುಗ, ಮರಿಗೆ ನಿಜವಾಗಿ ಬೇಕಾಗಿದ್ದ ಒಂದು ವಸ್ತು ಬೇಕಾದಷ್ಟು ಯಾವ ಡಬ್ಬದಲ್ಲೂ ಇರಲಿಲ್ಲ. ಅವನಿಗೆ ಪ್ರೀತಿ ಕಡಿಮೆ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ಈಗ ಒಬ್ಬರಾದರೂ ಬಂದು ತೋಳದ ಮಾತು ಎತ್ತುತ್ತೀರಿ, ನನಗೆ ಗೊತ್ತು. ತೋಳ ತಕ್ಕಡಿ ಇಟ್ಟುಕೊಂಡು ತಿನ್ನುತ್ತದೆಯೇ ಅಂತ. ತೋಳ ಎಲುಬಿಲ್ಲದ ತುಂಡು ಆರಿಸಿ ತಿನ್ನುವುದಿಲ್ಲ. ಬೇಟೆಯ ಲಿವರ್, ಗುಂಡಿಗೆ, ರಕ್ತ, ಎಲುಬು ಎಲ್ಲವನ್ನೂ ತಿನ್ನುತ್ತದೆ. ಅಷ್ಟಾದರೂ ಕಾಡಿನಲ್ಲಿ ಹುಟ್ಟಿದ ಎಷ್ಟೋ ಮರಿಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ. ನಮ್ಮ ನಾಯಿ ಹತ್ತು ವರ್ಷ ದುಡಿಯಬೇಕು ಅಂತ ನಾವು ಬಯಸುತ್ತೇವೆ, ಅಲ್ವಾ? ಮೇಲಾಗಿ ನಾಯಿ ಈಗ ತೋಳವಾಗಿ ಉಳಿದಿಲ್ಲ. ಪಿಷ್ಟ ಅರಗಿಸುವ ಒಂದು ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ಬಹಳಷ್ಟು ನಾಯಿಗಳಲ್ಲಿ ಅದರ ಎಷ್ಟೋ ಪಟ್ಟು ಇದೆ ಅಂತ 2013ರಲ್ಲೇ ಸಂಶೋಧಕರು ತೋರಿಸಿದ್ದಾರೆ.

ಇನ್ನು ಅಲಾಸ್ಕಾದ ಹಿಮಗಾಡಿ ನಾಯಿಗಳ ಉದಾಹರಣೆ. ಅವು ಹಸಿ ಮಾಂಸ ತಿನ್ನುತ್ತವೆ, ಹೌದು. ಸುಮಾರು 1,600 ಕಿಲೋಮೀಟರಿನ ಇಡಿಟರಾಡ್ ಓಟದಲ್ಲಿ ಒಂದೊಂದು ನಾಯಿ ದಿನಕ್ಕೆ 10,000 ಕ್ಯಾಲೊರಿಯಷ್ಟು ಸುಡುತ್ತದೆ. ಅಲ್ಲಿ ಅವುಗಳನ್ನು ಓಡಿಸುವುದು ಮುಖ್ಯವಾಗಿ ಕೊಬ್ಬು. ಆ ಗಾಡಿ ಓಡಿಸುವವರು ಮಾಂಸ, ಕೊಬ್ಬು, ಒಣ ಆಹಾರ ಎಲ್ಲವನ್ನೂ ಲೆಕ್ಕ ಹಾಕಿ ಮೊದಲೇ ಕಟ್ಟಿ ಕಳಿಸಿರುತ್ತಾರೆ. ಅವರ ಬಟ್ಟಲನ್ನು ನೋಡುತ್ತೇವೆ, ಅವರ ಲೆಕ್ಕವನ್ನು ನೋಡುವುದಿಲ್ಲ. ದಿನಕ್ಕೆ ಒಂದು ಗಂಟೆ ವಾಸನೆ ಹಿಡಿಯುವ ಅಭ್ಯಾಸ ಮಾಡುವ ನಾಯಿಗೆ ಆ ಊಟ ಹಾಕಿದರೆ ಕೊಬ್ಬೇ ಬರುತ್ತದೆ, ಇಲ್ಲವೇ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು.

ಹಸಿ ಮಾಂಸವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪಶುವೈದ್ಯರು ಲೆಕ್ಕ ಹಾಕಿಕೊಟ್ಟ ಪಟ್ಟಿ ಹಿಡಿದು ವರ್ಷಗಟ್ಟಲೆ ಹಸಿ ಮಾಂಸದಲ್ಲೇ ನಾಯಿ ಸಾಕಿದವರು ನನ್ನ ಗೆಳೆಯರಲ್ಲೇ ಇದ್ದಾರೆ. ಅವರನ್ನು ಎಷ್ಟು ಅಂತ ಕೇಳಿ ನೋಡಿ, ಗ್ರಾಂನಲ್ಲಿ ಹೇಳುತ್ತಾರೆ.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಇದನ್ನೇ ಮಾಡಿದವಳು. ಹಳೆಯ ಗೆಳೆಯರಿಗೆ ನನ್ನ ಮೊದಲ ನಾಯಿ ನೆನಪಿರುತ್ತದೆ. ಅದು ಹೇಗೆ ಹೋಯಿತು ಅಂತ ನಾನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ದಿನಾ ಲಿವರ್ ಹಾಕುತ್ತಿದ್ದೆ. ಮೇಲೆ ಕಾಡ್ ಲಿವರ್ ಎಣ್ಣೆ. ಅದರ ಮೇಲೆ ವಿಟಮಿನ್ ಡಿ ಇರುವ ಕ್ಯಾಲ್ಸಿಯಂ ಪುಡಿ. ಕಷ್ಟಪಟ್ಟು ದುಡಿಯುತ್ತದೆ, ಬೇಕಾಗುತ್ತದೆ ಅಂದುಕೊಂಡೆ. ಒಂದು ದಿನ ನೀರು ಕುಡಿಯುವುದು ಜಾಸ್ತಿಯಾಯಿತು, ಮೂತ್ರ ಜಾಸ್ತಿಯಾಯಿತು. ಸೆಕೆಗೆ ಇರಬೇಕು ಅಂದುಕೊಂಡು ಎರಡು ವಾರ ಬಿಟ್ಟೆ. ಆಮೇಲೆ ಊಟ ಬಿಟ್ಟಿತು. ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಏರಿತ್ತು, ಕಿಡ್ನಿ ಆಗಲೇ ಸೋತಿತ್ತು. ಡಾಕ್ಟರು ಏನೇನು ಕೊಡ್ತೀರಿ ಅಂತ ಕೇಳಿದರು, ಹೇಳಿದೆ. ಎಷ್ಟು ಅಂತ ಕೇಳಿದರು. ನನ್ನ ಬಾಯಲ್ಲಿ ಉತ್ತರ ಇರಲಿಲ್ಲ.

ವಿಟಮಿನ್ ಎ, ಡಿ ಎರಡೂ ಕೊಬ್ಬಿನಲ್ಲಿ ಕರಗುವಂಥವು. ಜಾಸ್ತಿಯಾದದ್ದು ಮೂತ್ರದಲ್ಲಿ ಸಲೀಸಾಗಿ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ. ಇಷ್ಟನ್ನು ತಿಳಿಯಲು ನನಗೆ ಒಂದು ನಾಯಿಯ ಜೀವ ಬೇಕಾಯಿತು. ಹಾಗಾಗಿ ಮನುಷ್ಯರ ಮಾತ್ರೆಯನ್ನು ನಾಯಿಗೆ ಹಾಕುವವರನ್ನು ಕಂಡರೆ ಈಗಲೂ ಕೈ ನಡುಗುತ್ತದೆ. ಜಗಿಯುವ ಕೆಲವು ಮಾತ್ರೆಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ನಾಯಿಗೆ ಅದು ಪಕ್ಕಾ ವಿಷ, ಸಕ್ಕರೆ ಮಟ್ಟ ದಿಢೀರನೆ ಬೀಳುತ್ತದೆ, ಲಿವರ್ ಕೂಡ ಕೆಡಬಹುದು.

ಇನ್ನೊಂದು ವಿಷಯ. ಹಸಿ ಮಾಂಸವನ್ನು ಫ್ರೀಜರಿನಲ್ಲಿ ಇಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದ್ದೀರಿ. ಕೆಲವು ಪರೋಪಜೀವಿಗಳು ಸಾಯುತ್ತವೆ, ಸಾಲ್ಮೊನೆಲ್ಲಾ ಎಂಬ ರೋಗಾಣು ಬದುಕಿರುತ್ತದೆ. ನಾಯಿ ಆರಾಮವಾಗಿಯೇ ಇರಬಹುದು, ಆದರೆ ಅದರ ಮಲದಲ್ಲಿ ಆ ರೋಗಾಣು ಹೊರಗೆ ಬರುತ್ತಿರುತ್ತದೆ. ನಮ್ಮ ನಾಯಿಗಳು ಹೋಗುವುದು ಗಾಯಗೊಂಡವರ ಹತ್ತಿರ, ಮಕ್ಕಳ ಹತ್ತಿರ. ಕುರಿ ಕಾಯುವ ನಾಯಿಗೆ ಕುರಿಯದೇ ಹಸಿ ಒಳಾಂಗ ಎಸೆಯುವವರಂತೂ ದಯವಿಟ್ಟು ನಿಲ್ಲಿಸಿ. ಅದರಿಂದ ನಾಯಿಗೆ ಬರುವ ಸಣ್ಣ ಲಾಡಿಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಬೆಳೆಯುತ್ತದೆ. ನ್ಯೂಜಿಲೆಂಡ್, ಐಸ್‌ಲ್ಯಾಂಡ್ ಎರಡೂ ಈ ರೋಗವನ್ನು ಹತೋಟಿಗೆ ತಂದದ್ದು ನಾಯಿಗೆ ಹಸಿ ಒಳಾಂಗ ಸಿಗದಂತೆ ಮಾಡಿ, ಹುಳದ ಔಷಧಿ ಹಾಕಿಸಿ.

ಬರೆಯುತ್ತಿರುವಾಗಲೇ ಆ ಹುಡುಗನ ಫೋನ್ ಬಂತು. ಮೈದಾನದಿಂದ ನೇರ ಎಕ್ಸ್‌ರೇಗೆ ಹೋಗು ಅಂತ ಕಳಿಸಿದ್ದೆ. ಮೂಳೆ ತುಂಬಾ ತೆಳ್ಳಗಿದೆಯಂತೆ, ಎಲ್ಲೂ ಮುರಿದಿಲ್ಲವಂತೆ. ಕೆಲವು ವಾರ ಓಟ, ಜಿಗಿತ ಏನೂ ಬೇಡ, ಸಣ್ಣ ಜಾಗದಲ್ಲಿ ಇಡಿ, ಮರಿಗಳಿಗೆಂದೇ ಮಾಡಿದ ಸಮತೋಲನದ ಆಹಾರ ಕೊಡಿ ಅಂದಿದ್ದಾರಂತೆ. ಬೇಗ ಗೊತ್ತಾಗಿದ್ದರಿಂದ ಮೂಳೆ ಮತ್ತೆ ಗಟ್ಟಿಯಾಗುತ್ತದೆ ಅಂದರಂತೆ. ಅಳುತ್ತಿದ್ದ. ನನಗೂ ಗಂಟಲು ಕಟ್ಟಿತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೆಸೇಜ್ ಹಾಕಿದ: "ಅಕ್ಕಾ, ಹೊಸ ಊಟ ದಿನಕ್ಕೆ ಎಷ್ಟು ಗ್ರಾಂ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ತೂಕ ಮಾಡೋಕೆ ಯಾವ ಥರದ ತಕ್ಕಡಿ ತಗೊಳ್ಲಿ?"